ದಾರಕ್ಕೂ ಚಕ್ರಕ್ಕೂ ನಡುವೆ

ಅವರು ನನ್ನ ಜೊತೆ ಆಡಿದ ಮೊದಲ ಮಾತು, "ನಿಮ್ಮ ತೂಕ ಎಷ್ಟು?"

ಒಂದು ಭಾನುವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಬರುತ್ತಿದ್ದೆ. ಬಾಗಲಗುಂಟೆಗೆ ಬಾಡಿಗೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಎದುರುಮನೆಯ ಗೇಟಿನ ಮೇಲಿಂದ ಒಬ್ಬ ಹೆಂಗಸು ತಲೆ ಚಾಚಿ, ಗಾಡಿಯವನಿಗೆ ಸೊಪ್ಪಿನ ಬೆಲೆ ಕೇಳುವ ದನಿಯಲ್ಲಿ ಹೀಗೆ ಕೇಳಿದರು. ಗಾಬರಿಯಲ್ಲಿ ನಿಜವನ್ನೇ ಹೇಳಿಬಿಟ್ಟೆ.

"ಐವತ್ತೆಂಟು."

"ತಿಂಡಿಗೆ ಮುಂಚೆಯೋ, ಆಮೇಲೋ?"

"ಗೊತ್ತಿಲ್ಲ ಆಂಟಿ."

"ಪರವಾಗಿಲ್ಲ. ನಾನೂ ಐವತ್ತೆಂಟೇ. ಒಂದ್ ಹತ್ತು ನಿಮಿಷ ಬಂದು ಕೂತ್ಕೋತೀರಾ? ಇನ್ನೊಂದು, ಇಬ್ರೂ ಒಂದೇ ತೂಕ ಇದೀವಿ, ಆಂಟಿ ಅನ್ಬೇಡಿ. ಅಕ್ಕ ಅಂದ್ರೆ ಸಾಕು."

ಹತ್ತು ನಿಮಿಷ ಎಂದದ್ದು ಮಧ್ಯಾಹ್ನದವರೆಗೆ ಹೋಯಿತು. ಆಮೇಲೆ ಸುಮಾರು ಒಂದು ವರ್ಷದ ಭಾನುವಾರಗಳು ಹಾಗೇ ಹೋದವು. ಎರಡನೆಯ ವಾರಕ್ಕೆ ಅವರು 'ನೀವು' ಬಿಟ್ಟು 'ನೀನು' ಹಿಡಿದರು. ನಾನು ಕೊನೆಯವರೆಗೂ ಬಿಡಲಿಲ್ಲ.

ಹೋದ ತಿಂಗಳು ಅವರು ತುಮಕೂರಿನಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ಅಂದು ಸಂಜೆ ಡೈರಿಯಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬರೆಯಲು ಕೂತೆ. ಮೂಗುತಿ ಇತ್ತು ಎಂದು ಬರೆದೆ. ಯಾಕೋ ಅನುಮಾನ ಬಂದು ಮೊಬೈಲಿನಲ್ಲಿದ್ದ ಒಂದೇ ಒಂದು ಫೋಟೋ ತೆಗೆದು ನೋಡಿದರೆ ಮೂಗು ಬೋಳು. ಯಾರ ಮೂಗುತಿಯನ್ನು ತಂದು ಅವರಿಗೆ ತೊಡಿಸಿದೆನೋ ಗೊತ್ತಿಲ್ಲ. ಹಾಗಾಗಿ ಇಲ್ಲಿ ಬರೆಯುವುದನ್ನು ಆದಷ್ಟು ಹಳೆಯ ಡೈರಿಗಳ ಜೊತೆ ತಾಳೆ ನೋಡಿ ಬರೆಯುತ್ತಿದ್ದೇನೆ. ಆ ಡೈರಿಗಳನ್ನು ಬರೆದವಳೂ ನಾನೇ ಎಂಬುದು ಬೇರೆ ಮಾತು.

ಅವರು ಕೈಗಡಿಯಾರ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಮೊದಲು ಬಿಡಿಭಾಗ ಜೋಡಿಸುವ ಸಾಲಿನಲ್ಲಿ, ಆಮೇಲೆ ಜೋಡಿಸಿದ್ದನ್ನು ಪರೀಕ್ಷೆ ಮಾಡುವ ಮೇಜಿನಲ್ಲಿ. ಕಾರ್ಖಾನೆ ಮುಚ್ಚುವ ಹಂತಕ್ಕೆ ಬಂದಾಗ ಸ್ವಯಂ ನಿವೃತ್ತಿ ತೆಗೆದುಕೊಂಡ ಅವರ ಗೆಳತಿಯರೆಲ್ಲ ಮನೆಯ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟರು. ಇವರು ಎರಡೇ ಸೀಟಿನ, ಮೂತಿ ಜಜ್ಜಿಹೋದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದು ಪೋರ್ಟಿಕೋದಲ್ಲಿ ನಿಲ್ಲಿಸಿಕೊಂಡರು. ಮದುವೆ ಆಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕಾರು ಯಾಕೆಂದು ಮಾತ್ರ ಕೇಳಿದೆ.

"ಇಪ್ಪತ್ತಾರು ವರ್ಷ ಸಾಸಿವೆಕಾಳಿನಷ್ಟು ಚಕ್ರ ನೋಡಿದ್ದೀನಿ ಕಣೇ. ಒಂದ್ ಸಲ ದೊಡ್ಡ ಚಕ್ರ ನೋಡೋಣ ಅನ್ನಿಸ್ತು."

ಕಾರು ಎಷ್ಟು ತಗ್ಗೆಂದರೆ ಬೀದಿನಾಯಿಗಳು ಅದರ ಕೆಳಗೆ ಮಲಗುವ ಆಸೆ ಬಿಟ್ಟು ಮೇಲೆಯೇ ಮಲಗುತ್ತಿದ್ದವು. ನಮ್ಮ ರಸ್ತೆಯ ಮೂರು ಹಂಪುಗಳನ್ನು ಅವರು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ ದಾಟಿಸುತ್ತಿದ್ದರು; ಸೀರೆಯುಟ್ಟವರು ಬಸ್ಸಿನ ಮೆಟ್ಟಿಲಿಳಿಯುವ ಹಾಗೆ. ಪಕ್ಕದ ಕಟ್ಟಡದ ಮಾಲೀಕರು, ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಗೌಡರು, ದಿನಾ ಬೆಳಿಗ್ಗೆ ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು ಕೇಳುತ್ತಿದ್ದರು.

"ಏನವ್ವಾ, ನಿನ್ ಕಾರು ನಿಂತೈತಾ, ಕೂತೈತಾ?"

"ನಿಮ್ ಥರ ಮಲಗಿಲ್ವಲ್ಲ ಗೌಡ್ರೇ, ಅದೇ ಪುಣ್ಯ."

"ಇಂಗೇ ಬಿಚ್ಚಿ ಜೋಡಿಸ್ತಾ ಇದ್ರೆ ಯಾವತ್ತು ಓಡಿಸ್ತೀಯೋ!"

ಓಡಿಸುತ್ತಿದ್ದರು. ಕಷ್ಟ ಅದರಲ್ಲೇ ಇತ್ತು. ಹಿಂದಿನ ಮಾಲೀಕ ಎಲ್ಲಿಗೋ ಗುದ್ದಿದಾಗ ಎಡಗಡೆಯ ಮುಂಚಕ್ರಕ್ಕೆ ಪೆಟ್ಟು ಬಿದ್ದಿತ್ತು. ಬಗ್ಗಿದ್ದನ್ನೆಲ್ಲ ಬದಲಾಯಿಸಿದ ಮೇಲೂ ಕಾರು ಎಡಕ್ಕೆ ಎಳೆಯುತ್ತಿತ್ತು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದೇ ಇರಬೇಕು. ಹಿಡಿಯುವ ಕೈಗಳಲ್ಲಿ ಒಂದು, ಎಡಗೈ, ಆ ವರ್ಷ ನಡುಗತೊಡಗಿತ್ತು. ಅದಕ್ಕೆ ಡಾಕ್ಟರು ಕೊಟ್ಟ ಹೆಸರನ್ನು ಅವರು ಒಮ್ಮೆಯೂ ನನ್ನೆದುರು ಉಚ್ಚರಿಸಲಿಲ್ಲ. 'ಅದು' ಎನ್ನುತ್ತಿದ್ದರು. ಅದು ಇವತ್ತು ಕಮ್ಮಿ ಇದೆ, ಅದು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಹೀಗೆ.

"ಒಂದ್ ವರ್ಷ, ಹೆಚ್ಚಂದ್ರೆ ಎರಡು. ಆಮೇಲೆ ಓಡ್ಸೋ ಹಂಗಿಲ್ಲ ಅಂದಿದಾರೆ," ಎಂದು ಎರಡನೆಯ ಭಾನುವಾರವೇ ಹೇಳಿದರು. "ಅಷ್ಟರೊಳಗೆ ಇದು ಕೈ ಬಿಟ್ರೂ ನೇರ ಹೋಗ್ಬೇಕು. ಹಂಗೆ ಹೋಗೋ ಥರ ನಾನೇ ಕೂರಿಸ್ಬೇಕು, ಈ ಕೈಲೇ. ಆಗ್ಲಿಲ್ಲ ಅಂದ್ರೆ ಮಾರಿ ಸುಮ್ನಾಗ್ತೀನಿ."

ಹೆಸರಘಟ್ಟ ರಸ್ತೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಹಚ್ಚಿ ಚಕ್ರ ನೋಡುತ್ತಾರೆ. ಅಲ್ಲಿಗೂ ಹೋಗಿದ್ದರಂತೆ. ಅಂಗಡಿಯವನು ಪರದೆ ತೋರಿಸಿ, "ಎಲ್ಲಾ ಹಸಿರು ಬಂದಿದೆ ಮೇಡಂ," ಎಂದನಂತೆ.

"ಅಳೆಯೋವಾಗ ಸೀಟಲ್ಲಿ ಯಾರಿದ್ರು?"

"ಯಾರೂ ಇಲ್ಲ ಮೇಡಂ. ಯಾರೂ ಇರ್ಬಾರ್ದು."

"ಓಡ್ಸೋವಾಗ?"

ಇಷ್ಟು ಹಗುರವಾದ ಕಾರಿಗೆ ಒಬ್ಬರು ಹತ್ತಿ ಕೂತರೂ ಚಕ್ರದ ನಿಲುವು ಬದಲಾಗುತ್ತದೆ. ಅಳೆಯುವವರು ಅವರೇ ಆದ್ದರಿಂದ, ಅಳೆಯುವಾಗ ಅವರ ಸೀಟಿನಲ್ಲಿ ಅವರಷ್ಟೇ ತೂಕದ ಇನ್ನೊಬ್ಬರು ಕೂರಬೇಕಿತ್ತು. ನನ್ನನ್ನು ಗೇಟಿನ ಮೇಲಿಂದ ಕೂಗಿದ್ದು ಅದಕ್ಕೆ. ಅದಕ್ಕೆ ಮುಂಚೆ ಅಕ್ಕಿಮೂಟೆ ಇಡುತ್ತಿದ್ದರಂತೆ. "ಮೂಟೆ ಚೆನ್ನಾಗೇ ಕೂರ್ತಿತ್ತು, ಮಾತಾಡ್ತಿರ್ಲಿಲ್ಲ," ಎಂದು ನಾನು ಹೆಚ್ಚು ಮಾತಾಡಿದ ದಿನ ಚುಚ್ಚುತ್ತಿದ್ದರು.

ಚಕ್ರದ ವಾಲಿಗೆ ಹೇಳುವ ಕ್ಯಾಂಬರ್ ಎಂದರೆ ಏನೆಂದು ಎರಡು ಅಂಗೈಗಳನ್ನು ಎದುರುಬದುರು ನಿಲ್ಲಿಸಿ ತೋರಿಸಿದರು. ಕಾರನ್ನು ಎದುರಿನಿಂದ ನೋಡಿದರೆ ಮುಂಚಕ್ರಗಳು ಪೂರ್ತಿ ನೆಟ್ಟಗೆ ಇರಬೇಕೆಂದೇನಿಲ್ಲ. ಇಂಥ ಕಾರುಗಳಲ್ಲಿ ತಲೆಯನ್ನು ತುಸು ಒಳಕ್ಕೆ ವಾಲಿಸಿಕೊಂಡಿದ್ದರೆ ತಿರುವಿನಲ್ಲಿ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಆದರೆ ಎರಡೂ ಒಂದೇ ಸಮ ವಾಲಬೇಕು. "ಇಬ್ರು ಗೆಳತೀರು ತಲೆಗೆ ತಲೆ ಕೊಟ್ಟು ನಿಂತಂಗೆ ಕಣೇ. ಎಡಗಡೆಯವಳು ಸ್ವಲ್ಪ ಹಿಂದೆ ಸರಿದ್ರೆ ಬಲಗಡೆಯವಳು ಅವಳ ಮೇಲೇ ಬೀಳ್ತಾಳೆ. ಕಾರು ಎಡಕ್ಕೆ ಹೋಗತ್ತೆ."

ಅಳತೆಯ ಸಿದ್ಧತೆಗೇ ಒಂದು ಗಂಟೆ. ನಮ್ಮ ಕಡೆಯ ಎಲ್ಲ ಪೋರ್ಟಿಕೋಗಳಂತೆ ಅವರದ್ದೂ ತೊಳೆದ ನೀರು ಹರಿಯಲೆಂದು ಗೇಟಿನ ಕಡೆಗೊಂದಿಷ್ಟು, ಮೂಲೆಯ ಮೋರಿಯ ಕಡೆಗೊಂದಿಷ್ಟು ಇಳಿಜಾರು. ವಾಲಿದ ನೆಲದ ಮೇಲೆ ನಿಂತು ಚಕ್ರದ ವಾಲು ಅಳೆಯುವುದು ಸುಳ್ಳು ಲೆಕ್ಕ. ಗಾರೆಯವರು ಮಟ್ಟ ನೋಡುವ ಉದ್ದನೆಯ ನೀರಿನ ಟ್ಯೂಬು ತಂದಿಟ್ಟುಕೊಂಡಿದ್ದರು. ಅದರ ನೀರಿಗೆ ಬಟ್ಟೆಯ ನೀಲಿ ಎರಡು ಹನಿ. ಒಂದು ತುದಿ ಅವರ ಕೈಲಿ, ಇನ್ನೊಂದು ನನ್ನ ಕೈಲಿ. ಕಾರಿನ ಆಚೆ ಈಚೆ ನಿಂತು, ನೀಲಿ ನೀರು ಏರಿ, ಇಳಿದು, ಮತ್ತೆ ಅರ್ಧ ಏರಿ, ಕೊನೆಗೆ ನಿಲ್ಲುವುದನ್ನು ಇಬ್ಬರೂ ಕಾಯುತ್ತಿದ್ದೆವು. ತಗ್ಗಿರುವ ಚಕ್ರದ ಕೆಳಗೆ ಟೈಲ್ಸ್ ತುಂಡು ಕೊಟ್ಟು ನಾಲ್ಕನ್ನೂ ಒಂದೇ ಮಟ್ಟಕ್ಕೆ ತರುತ್ತಿದ್ದರು. ಯಾವ ತುಂಡು ಯಾವ ಚಕ್ರದ್ದೆಂದು ಉಗುರು ಬಣ್ಣದ ಗುರುತು. ಮುಂಚಕ್ರಗಳ ಕೆಳಗೆ ಮಾತ್ರ ಒಂದರ ಮೇಲೊಂದು ಎರಡು ಟೈಲ್ಸ್, ನಡುವೆ ಗ್ರೀಸು, ಚಕ್ರ ತನಗೆ ಬೇಕಾದಂತೆ ಸರಿದು ನಿಲ್ಲಲೆಂದು. ಆಮೇಲೆ ಕಾರಿನ ಮೂತಿಯನ್ನು ಎರಡು ಸಲ ಒತ್ತಿ ಬಿಡುವುದು. "ಮೈ ಸಡಿಲ ಬಿಡ್ಲಿ. ಯಾರಾದ್ರೂ ಅಳೀತಾರೆ ಅಂದ್ರೆ ಎಲ್ಲರೂ ಬಿಗಿಯಾಗ್ತಾರೆ."

ಕೊನೆಗೆ ದಾರ. ಚಕ್ರದ ಮೇಲಿನ ತಗಡಿನ ಅಂಚಿಗೆ ದಾರ ಅಂಟಿಸಿ, ತುದಿಗೆ ಗಾರೆಯವರ ತೂಕದ ಗುಂಡು ಕಟ್ಟಿ ಇಳಿಬಿಡುತ್ತಿದ್ದರು. ಗುಂಡು ಸುತ್ತಿ ಸುತ್ತಿ ಸುಮ್ಮನಾಗುತ್ತಿತ್ತು. ಆಗ ಸ್ಟೀಲ್ ಸ್ಕೇಲು ಹಿಡಿದು ದಾರದಿಂದ ಚಕ್ರದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಎಂದು ನೋಡುವುದು. ಎರಡರ ವ್ಯತ್ಯಾಸವೇ ಚಕ್ರದ ವಾಲು. ಎರಡೂ ಕಡೆ ಆರು ಮಿಲಿಮೀಟರ್ ಒಳಕ್ಕೆ ಬರಬೇಕೆಂಬುದು ಅವರ ಗುರಿ. ಬಾರದಿದ್ದರೆ ಜಾಕ್ ಏರಿಸಿ, ಕೆಳಗೆ ತೂರಿ, ಒಂದು ನಟ್ಟು ಸಡಿಲಿಸಿ, ಅದರ ಬೋಲ್ಟನ್ನು ತಲೆಯ ಮೇಲಿನ ಗುರುತಿನ ಲೆಕ್ಕದಲ್ಲಿ ಒಂದು ಗೀಟು ತಿರುಗಿಸಿ, ಮತ್ತೆ ಬಿಗಿದು, ಇಳಿಸಿ, ಒತ್ತಿ ಬಿಟ್ಟು, ಮೊದಲಿಂದ ಅಳತೆ. ಬೋಲ್ಟು ತಿರುಗಿಸುವ ಮುಂಚೆ ಅವರು ಮೊಣಕೈಯನ್ನು ಒಂದು ಇಟ್ಟಿಗೆಯ ಮೇಲೆ ಊರಿ ಉಸಿರು ಬಿಡುತ್ತಿದ್ದರು. "ಒಂದು ಉಸಿರು ಬಿಟ್ಟು ಇನ್ನೊಂದು ತಗೊಳ್ಳೋ ಮುಂಚೆ ಒಂದ್ ಚೂರು ಜಾಗ ಇರುತ್ತೆ. ನಮ್ ಕೆಲಸ ಎಲ್ಲಾ ಅಲ್ಲೇ."

ಇಷ್ಟು ಹೊತ್ತೂ ನಾನು ಸೀಟಿನಲ್ಲಿ ಐವತ್ತೆಂಟು ಕೆಜಿಯಾಗಿ ಕೂತಿರುತ್ತಿದ್ದೆ. ಕದಲುವಂತಿಲ್ಲ, ಓದುವಂತಿಲ್ಲ. ಪುಟ ತಿರುಗಿಸಿದರೂ ತೂಕ ಆಚೀಚೆಯಾಗುತ್ತದೆ ಎನ್ನುತ್ತಿದ್ದರು. ಅದು ನಿಜವೋ ನನ್ನನ್ನು ಸುಮ್ಮನಿರಿಸುವ ಉಪಾಯವೋ ಇಂದಿಗೂ ಗೊತ್ತಿಲ್ಲ. ವಾರವಿಡೀ ಕಾಲೇಜಿನಲ್ಲಿ ಗಂಟಲು ಹರಿದುಕೊಂಡು ಪಾಠ ಮಾಡುವ ನನಗೆ ಆ ಸೀಟು ಬೇರೆಯೇ ಲೋಕ. ಗಾಜಿನ ಮೇಲೆ ಹೊಂಗೆಮರದ ನೆರಳು ಹರಿಯುತ್ತಿತ್ತು. ದಾಸರಹಳ್ಳಿಯ ಕಡೆಯಿಂದ ಯಾವುದೋ ಯಂತ್ರದ ಒಂದೇ ಸಮನೆಯ ಗುಂಯ್‌ಗುಡುವಿಕೆ, ಯಲಹಂಕದ ಕಡೆಯಿಂದ ವಿಮಾನದ ದೂರದ ಮೊರೆತ. ಕೈಯಲ್ಲಿ ಸ್ಟೀರಿಂಗು, ಎದುರಿಗೆ ರಸ್ತೆಯಿಲ್ಲ, ಸುಣ್ಣ ಬಳಿದ ಗೋಡೆ. ಕಣ್ಣು ಎಳೆಯುತ್ತಿತ್ತು. ನಿಂತ ಕಾರಿನಲ್ಲಿ ನಾನು ಹೋದಷ್ಟು ದೂರ ಯಾವ ಬಸ್ಸಿನಲ್ಲೂ ಹೋಗಿಲ್ಲ. ಗೋಡೆ ತೆಳುವಾಗಿ ಆಚೆಯ ಬಯಲು ಕಾಣಿಸಿದಂತೆ, ಕಾರು ನೆಲ ಬಿಟ್ಟು ನೀಲಿ ನೀರಿನ ಮೇಲೆ ನಿಂತಂತೆ ಆಗುತ್ತಿತ್ತು. ಕೆಳಗಿನಿಂದ ಅವರ ದನಿ, ಬಾವಿಯೊಳಗಿಂದ ಬಂದಂತೆ: "ನಿದ್ದೆ ಮಾಡು, ಪರವಾಗಿಲ್ಲ. ವಾಲ್ಬೇಡ."

ಒಂದೇ ಬೇಸರ ಕಾಫಿಯದು. ಅಳತೆ ಪೂರ್ತಿ ಮುಗಿಯುವವರೆಗೆ ಒಂದು ಲೋಟ ಕಾಫಿ ಕೊಡುತ್ತಿರಲಿಲ್ಲ. ಮುಗಿದ ಮೇಲೆ ಮಾತ್ರ ಕಾಫಿ, ಅಕ್ಕಿರೊಟ್ಟಿ, ಬೇಡವೆಂದರೂ ಎರಡನೆಯ ರೊಟ್ಟಿ. 'ಜುಗ್ಗಿಯಲ್ಲ, ಆದರೆ ಜುಗ್ಗಿಯ ಹಾಗೆ ಸಮಯ ನೋಡುತ್ತಾರೆ,' ಎಂದು ಒಂದು ಕಡೆ ಬರೆದಿದ್ದೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಡುಕ ಹೆಚ್ಚಾಯಿತು. ಒಂದು ದಿನ ಅವರು ದಾರಕ್ಕೆ ಸ್ಕೇಲು ತಾಗಿಸಿ ಹಿಡಿದು ಬಹಳ ಹೊತ್ತು ಕೂತೇ ಇದ್ದರು.

"ದಾರ ನಿಲ್ತಿಲ್ಲ," ಎಂದರು.

"ಗಾಳಿ ಇರ್ಬೇಕು ಅಕ್ಕ."

"ಎಲೆ ಅಲ್ಲಾಡ್ತಿದ್ಯಾ ನೋಡು. ಗಾಳಿಯಲ್ಲ ಕಣೇ, ನಾನು."

ಮುಂದಿನ ವಾರದಿಂದ ಜಾಗ ಅದಲು ಬದಲಾಯಿತು. ಬೋಲ್ಟು ತಿರುಗಿಸುವುದು ಅವರೇ, ಅದನ್ನು ಬಿಡಲೊಲ್ಲರು. ಅಳತೆಯ ಹೊತ್ತಿಗೆ ಮಾತ್ರ ಅವರು ಸೀಟಿನಲ್ಲಿ, ಮಡಿಲಲ್ಲೊಂದು ನೋಟ್‌ಬುಕ್ಕು. ನಾನು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ, ಸ್ಕೇಲು ಹಿಡಿದು. ನಾನು ಮೇಲಿನದು, ಕೆಳಗಿನದು ಎಂದು ಕೂಗುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಸೀಟಿನಿಂದ ಅವರಿಗೆ ದಾರ ಕಾಣುತ್ತಿರಲಿಲ್ಲ.

ಆ ಭಾನುವಾರದ ಬಗ್ಗೆ ಡೈರಿಯಲ್ಲಿ ಇರುವುದು ಒಂದೇ ಸಾಲು: 'ಇವತ್ತು ಅಕ್ಕನ ಕಾರು ಮುಗಿಯಿತು.' ಉಳಿದದ್ದನ್ನು ನೆನಪಿನಿಂದ ಬರೆಯಬೇಕು. ಡೈರಿಯಲ್ಲಿ ಬರೆಯಲು ಧೈರ್ಯವಾಗದ್ದೇ ನೆನಪಿನಲ್ಲಿ ಚೆನ್ನಾಗಿ ಉಳಿದಿದೆ ಎಂದುಕೊಳ್ಳುತ್ತೇನೆ.

ಬೆಳಿಗ್ಗೆ ಏಳಕ್ಕೆ ಶುರುವಾದದ್ದು. ಬಲ ಚಕ್ರ ಬೇಗ ಆರಕ್ಕೆ ಬಂದು ನಿಂತಿತು. ಎಡದ್ದು ಎರಡಕ್ಕೆ ಬಂತು, ಎಂಟಕ್ಕೆ ಹಾರಿತು, ಮೂರಕ್ಕೆ ಇಳಿಯಿತು. ಅವರು ಏಳು ಸಲ ಕೆಳಗೆ ತೂರಿದ್ದರು. ಸ್ಪ್ಯಾನರ್ ಜಾರಿ ಗೆಣ್ಣಿನ ಚರ್ಮ ಕಿತ್ತುಬಂದಿತ್ತು. ಕಾರ್ಖಾನೆಯ ಕಾಲದ ನೀಲಿ ಕೋಟಿನ ತೋಳಿಗೆ ರಕ್ತ, ಗ್ರೀಸು ಎರಡೂ ಹತ್ತಿದ್ದವು. ಎಂಟನೆಯ ಸಲ ಮೇಲೆದ್ದು ಸೀಟಿಗೆ ಹೋಗಿ ಕೂತಾಗ ಬಾಗಿಲು ಮುಚ್ಚಲು ಎರಡು ಸಲ ಪ್ರಯತ್ನಿಸಬೇಕಾಯಿತು.

"ಹೇಳು," ಎಂದರು.

ದಾರ ನಿಶ್ಚಲವಾಗಿ ನಿಂತಿತ್ತು. ಮೇಲೆ ಮೂವತ್ತೊಂದು. ಕೆಳಗೆ ಇಪ್ಪತ್ತೇಳು. ವ್ಯತ್ಯಾಸ ನಾಲ್ಕು.

"ಮೇಲೆ ಮೂವತ್ಮೂರು," ಎಂದೆ. "ಕೆಳಗೆ ಇಪ್ಪತ್ತೇಳು."

ಅವರು ಬರೆದುಕೊಂಡರು. ಕಳೆದು ನೋಡಲಿಕ್ಕೆ ಅವರಿಗೆ ಹೊತ್ತು ಬೇಕಿರಲಿಲ್ಲ; ಆದರೂ ಕಳೆದು, ಕೆಳಗೆ ಗೀಟೆಳೆದು, 'ಆರು' ಎಂದು ಬರೆದ ಸದ್ದು ನನಗೆ ಕೇಳಿಸಿತು. ಪೆನ್ನಿನ ಸದ್ದು ಅಷ್ಟು ದೂರಕ್ಕೆ ಕೇಳಿಸುತ್ತದೆಯೇ? ಕೇಳಿಸಿತೆಂದೇ ನನ್ನ ನೆನಪು. ಕರುಣೆಯಿಂದ ಹಾಗೆ ಹೇಳಿದೆನೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಆದರೆ ಆಗ ಗಂಟೆ ಒಂದೂವರೆ ಆಗಿತ್ತು, ನನಗೆ ಹಸಿವಾಗಿತ್ತು, ಮಾರನೆಯ ದಿನಕ್ಕೆ ತಿದ್ದಬೇಕಾದ ಉತ್ತರಪತ್ರಿಕೆಗಳಿದ್ದವು. ಎರಡು ಮಿಲಿಮೀಟರ್. ಅದರಲ್ಲಿ ಕರುಣೆ ಎಷ್ಟು, ಹಸಿವೆ ಎಷ್ಟು, ಯಾವ ಸ್ಕೇಲಿನಲ್ಲಿ ಅಳೆಯಲಿ?

ಅಂದು ಅವರು ಮೂರು ರೊಟ್ಟಿ ಹಾಕಿದರು.

ಚಕ್ರದ ವಾಲು ಬದಲಾದರೆ ಅದು ಮುಂದಕ್ಕೆ ನೋಡುವ ದಿಕ್ಕೂ ಬದಲಾಗುತ್ತದೆ. ಅದನ್ನು ಸರಿಪಡಿಸಲು ಇನ್ನೊಂದು ದಿನ ಹಿಡಿಯಿತು. ಆಮೇಲೆ ಒಂದು ಬೆಳಿಗ್ಗೆ ಒಬ್ಬರೇ ಕಾರು ತೆಗೆದುಕೊಂಡು ಹೋದರು. ಅರ್ಧ ಗಂಟೆಯಲ್ಲಿ ವಾಪಸು ಬಂದು, ಇಂಜಿನ್ ಆರಿಸಿ, ಇಳಿಯದೆ ಕೂತಿದ್ದರು. ನಾನು ಗೇಟಿನ ಹತ್ತಿರ ಹೋದೆ.

"ಎಡಕ್ಕೆ," ಎಂದರು.

"ರಸ್ತೆ ಎಡಕ್ಕೆ ಇಳಿಜಾರಿರುತ್ತಲ್ಲ ಅಕ್ಕ, ಮಳೆನೀರಿಗೆ?"

"ನಟ್ಟ ನಡುವೆ ಓಡ್ಸಿದೆ. ಆದ್ರೂ ಎಡಕ್ಕೆ."

ಮುಂದಿನ ಎರಡು ವಾರ ಅವರು ಮಾಡದ್ದಿಲ್ಲ. ಟೈರುಗಳನ್ನು ಆಚೀಚೆ ಬದಲಾಯಿಸಿದರು. ಗಾಳಿ ಮತ್ತೆ ಮತ್ತೆ ನೋಡಿದರು. ಬ್ರೇಕು ಬಿಚ್ಚಿ ನೋಡಿದರು. ಟೈಲ್ಸ್ ತುಂಡುಗಳ ಮಟ್ಟವನ್ನು ನೀರಿನ ಟ್ಯೂಬಿನಲ್ಲಿ ಮತ್ತೆ ಪರೀಕ್ಷಿಸಿದರು. ಟ್ಯೂಬಿನ ಇನ್ನೊಂದು ತುದಿಯನ್ನು ನಾನೇ ಹಿಡಿದಿದ್ದೆ. ನೋಟ್‌ಬುಕ್ಕಿನಲ್ಲಿ ನನ್ನ ಬಾಯಿಂದ ಬಂದ ಆ ಒಂದು ಅಂಕಿಯನ್ನು ಬಿಟ್ಟು ಉಳಿದೆಲ್ಲದರ ಮೇಲೂ ಅನುಮಾನಪಟ್ಟರು. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ ಗೇಟು ದಾಟುತ್ತಿದ್ದೆ.

ಎರಡನೆಯ ಭಾನುವಾರ ಹೋದಾಗ ಕಾರಿಗೆ ಬೂದು ಬಣ್ಣದ ಕವರು ಹೊದಿಸಿದ್ದರು. ಅವರು ಮೆಟ್ಟಿಲ ಮೇಲೆ ಕೂತು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು.

"ಯಾರಾದ್ರೂ ತಗೊಳ್ಳೋವ್ರು ಇದ್ರೆ ನೋಡೇ, ನಿಮ್ ಕಾಲೇಜಲ್ಲಿ," ಎಂದರು.

"ಯಾಕೆ ಅಕ್ಕ? ಇನ್ನೊಂದ್ ಸಲ ನೋಡೋಣ."

"ಏನ್ ನೋಡೋದು? ಅಳತೆ ಆರು ಅಂತಿದೆ. ಕಾರು ಎಡಕ್ಕೆ ಹೋಗ್ತಿದೆ ಅಂತ ನಂಗನ್ನಿಸ್ತಿದೆ. ಅಳತೆ ಸುಳ್ಳು ಹೇಳಲ್ಲ. ಅಂದ್ಮೇಲೆ ನಂಗನ್ನಿಸ್ತಿರೋದೇ ಸುಳ್ಳು." ಕವರಿನ ಕಡೆ ನೋಡಿದರು. "ಕೈ ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ ಕಣೇ. ಕೈ ಇಲ್ದಿದ್ರೂ ಇದು ಸರಿ, ಇದು ಸರಿಯಿಲ್ಲ ಅಂತ ಗೊತ್ತಾಗತ್ತಲ್ಲ, ಅಷ್ಟ್ ಸಾಕು ಅಂತ. ಈಗ ಅದೂ ಹೋಯ್ತು."

ಆಗ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಮೂವತ್ಮೂರಲ್ಲ ಮೂವತ್ತೊಂದು ಎಂಬ ಮಾತು ಮಾತ್ರ ನೆನಪಿದೆ.

ಅವರು ನನ್ನ ಮುಖ ನೋಡಲಿಲ್ಲ. "ಹಂಗಾದ್ರೆ ಎಷ್ಟು? ನಾಲ್ಕಾ?"

"ನಾಲ್ಕು."

"ಸರಿಯಾಗ್ ಹೇಳು."

"ನಾಲ್ಕೇ ಅಕ್ಕ."

"ನಾಲ್ಕಿದ್ರೆ ಎಡಕ್ಕೇ ಎಳೀಬೇಕು," ಎಂದರು, ತಮಗೇ ಹೇಳಿಕೊಳ್ಳುವಂತೆ. ಎದ್ದು ಹೋಗಿ ಕವರಿನ ಮೇಲಿಂದಲೇ ಕಾರಿನ ಮೂತಿಯ ಮೇಲೆ ಕೈಯಿಟ್ಟರು. "ಎಡಕ್ಕೇ ಎಳೀಬೇಕು. ಅದು ಸರಿಯಾಗೇ ಹೇಳ್ತಿತ್ತು. ನಂಗೂ ಸರಿಯಾಗೇ ಕೇಳಿಸ್ತಿತ್ತು."

ಆಗ ಅವರು ನಕ್ಕರೆಂದು ಡೈರಿಯಲ್ಲಿದೆ. ನನ್ನ ನೆನಪಿನಲ್ಲಿ ಅವರು ಅಳುತ್ತಿದ್ದಾರೆ. ಯಾವುದು ಸರಿಯೋ, ಎರಡೂ ಸರಿಯೋ. ಮುಂದಿನದರಲ್ಲಿ ಮಾತ್ರ ಅನುಮಾನವಿಲ್ಲ. ತಿರುಗಿ ನೋಡಿದರು. ಅಷ್ಟು ಸಿಟ್ಟನ್ನು ಅವರಲ್ಲಿ ನಾನು ಕಂಡಿರಲಿಲ್ಲ.

"ನನ್ ಕೈ ನೋಡಿ ಪಾಪ ಅನ್ನಿಸ್ತಾ?"

"ಹೌದು."

"ಹದಿನೈದು ದಿನ ನನ್ ತಲೆ ಕೆಟ್ಟಿದೆ ಅಂದ್ಕೊಂಡು ಮಲಗಿದ್ದೀನಿ ಕಣೇ. ಒಬ್ಳೇ, ಈ ಮನೇಲಿ. ಇದಕ್ಕೆ ಪಾಪ ಅಂತ ಹೆಸರಾ?"

ಅವರು ಒಳಗೆ ಹೋದರು. ನಾನು ಹೊರಟುಬಿಡಬೇಕೋ ನಿಲ್ಲಬೇಕೋ ತಿಳಿಯದೆ ಗೇಟಿನ ಬಳಿ ನಿಂತಿದ್ದೆ. ಬಾಲ್ಕನಿಯಲ್ಲಿ ಗೌಡರು ಕೂಡ ಅಂದು ಏನೂ ಕೇಳದೆ ಒಳಗೆ ಸರಿದರು. ಸ್ವಲ್ಪ ಹೊತ್ತಿಗೆ ಅಕ್ಕ ಸ್ಟೀಲ್ ಸ್ಕೇಲು ಹಿಡಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಕಾರ್ಖಾನೆಯ ಮಾತು ತೆಗೆದರು, ಸಿಟ್ಟು ಇಳಿದ ದನಿಯಲ್ಲಲ್ಲ.

ಸಾಲಿನಲ್ಲಿ ಅವರ ಪಕ್ಕ ಕೂರುತ್ತಿದ್ದ ಗೆಳತಿಯೊಬ್ಬಳ ಜೊತೆ ಒಂಬತ್ತು ವರ್ಷ ಒಂದೇ ಡಬ್ಬಿಯಿಂದ ಊಟ ಮಾಡಿದ್ದರಂತೆ. ಇವರನ್ನು ಪರೀಕ್ಷೆಯ ಮೇಜಿಗೆ ಹಾಕಿದ ದಿನ ಆ ಗೆಳತಿ ಮಧ್ಯಾಹ್ನ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳಂತೆ. ಇದು ಕಂಪನಿಯ ಕಾಯ್ದೆಯಲ್ಲ, ಆ ಹೆಂಗಸರು ತಾವೇ ಮಾಡಿಕೊಂಡಿದ್ದ ಪದ್ಧತಿ. ಜೋಡಿಸುವವರು, ಪರೀಕ್ಷೆ ಮಾಡುವವರು ಒಟ್ಟಿಗೆ ಉಣ್ಣುವುದಿಲ್ಲ.

"ಅವಳ ಚಟ್ನಿ ತಿಂದ್ಕೊಂಡು ಅವಳ ಮಾಲನ್ನ ವಾಪಸ್ ಕಳಿಸೋದು ಹೆಂಗೆ ಹೇಳು? ಆದ್ರೆ ಮೊದಲನೇ ದಿನಾನೇ ಅವಳ್ದು ಎರಡು ವಾಪಸ್ ಕಳಿಸ್ದೆ. ಸಂಜೆ ಬಸ್ಸಲ್ಲಿ ಪಕ್ಕದಲ್ಲೇ ಬಂದು ಕೂತ್ಲು. 'ಸರಿಯಾಗಿ ಹಿಡಿದೆ ಬಿಡೇ,' ಅಂದ್ಲು. ಅವಳು ನನ್ನ ಗೆಳತಿ." ಸ್ಕೇಲನ್ನು ನನ್ನ ಕಡೆ ಚಾಚಿದರು. "ಅಳತೆಗೆ ಮುಂಚೆ ಕಾಫಿ ಯಾಕ್ ಕೊಡಲ್ಲ ಅಂತ ಮನಸಲ್ಲೇ ಬೈತಿದ್ಯಲ್ಲ, ನಂಗ್ ಗೊತ್ತಿಲ್ವಾ? ನಿನ್ನನ್ನ ಪರೀಕ್ಷೆ ಮೇಜಲ್ಲಿ ಕೂರಿಸಿದ್ದೆ ಕಣೇ ನಾನು. ಕವರ್ ತೆಗಿ, ಹೋಗು."

ಅಂದು ಎಡ ಚಕ್ರ ನಾಲ್ಕರಿಂದ ಐದಕ್ಕೆ ಬಂತು. ಐದೂವರೆಗೆ ಬಂತು. ಒಂದು ಸಲ ಏಳಾಯಿತು. ಪ್ರತಿ ಸಲವೂ ನಾನು ಕಂಡದ್ದನ್ನು ಕೂಗಿದೆ. ಪ್ರತಿ ಸಲವೂ ಅವರು ಇಳಿದು, ಮೊಣಕೈಗೆ ಇಟ್ಟಿಗೆ ಕೊಟ್ಟು, ಉಸಿರು ಬಿಟ್ಟು, ಕೆಳಗೆ ತೂರಿದರು. 'ಏಳು' ಎಂದು ಕೂಗುವ ಮುಂಚೆ ಸ್ಕೇಲನ್ನು ಎರಡು ಸಲ ಇಟ್ಟು ನೋಡಿದೆ. ಅಳತೆ ಐದು ಮುಕ್ಕಾಲಿಗೆ ಬಂದಾಗ ಕತ್ತಲಾಗುತ್ತ ಬಂದಿತ್ತು.

"ಐದೂ ಮುಕ್ಕಾಲು. ಆರಲ್ಲ," ಎಂದೆ.

"ಆರಲ್ಲ," ಎಂದು ಒಪ್ಪಿ ಹಾಗೇ ಬರೆದುಕೊಂಡರು. ಅದಕ್ಕಿಂತ ಸಣ್ಣ ಗೀಟು ಆ ಬೋಲ್ಟಿಗಿರಲಿಲ್ಲ.

ಆ ಕಾರನ್ನು ಆಮೇಲೆ ಎಷ್ಟು ದಿನ ಓಡಿಸಿದರು, ಯಾರಿಗೆ ಕೊಟ್ಟರು, ತುಮಕೂರಿಗೆ ಹೊರಟ ದಿನ ಹೇಗಿದ್ದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವರು ಮನಸ್ಸಿಗೆ ಬಂದಾಗಲೆಲ್ಲ ನನಗೆ ಕಾಣುವುದು ಮುಂದಿನ ವಾರದ ಒಂದು ಬೆಳಗು.

ಆರು ಗಂಟೆಗೆ ಹೊರಟೆವು. ಮೊದಲ ಬಾರಿಗೆ ನಾನು ಆ ಕಾರಿನಲ್ಲಿ ನಿಜವಾಗಿ ಚಲಿಸುತ್ತಿದ್ದೆ, ಪಕ್ಕದ ಸೀಟಿನಲ್ಲಿ. ಹೆಸರಘಟ್ಟ ಕೆರೆಯ ಆಚೆ ಒಂದು ನೇರ ರಸ್ತೆಯಿದೆ. ಮಂಜು ಹೊಲಗಳಿಂದ ಎದ್ದು ರಸ್ತೆಯ ಮೇಲೆ ಮೊಣಕಾಲುದ್ದ ಹರಡಿತ್ತು. ಅಷ್ಟು ತಗ್ಗಿನಲ್ಲಿ ಕೂತವರಿಗೆ ಅದು ಎದೆಮಟ್ಟ. ಮುಂದೆಲ್ಲೂ ವಾಹನವಿಲ್ಲ, ಹಿಂದೆಯೂ ಇಲ್ಲ. ಕಾರು ಮಂಜನ್ನು ಸೀಳುತ್ತಿಲ್ಲ, ಮಂಜೇ ಅದನ್ನು ಎತ್ತಿಕೊಂಡು ಹೋಗುತ್ತಿದೆ ಎನ್ನಿಸುತ್ತಿತ್ತು.

"ನಡುವಿನ ಬಿಳಿ ಗೀಟು ಕಾಣತ್ತಾ?" ಎಂದರು.

"ಕಾಣತ್ತೆ."

"ನೀನು ಅದನ್ನೇ ನೋಡ್ತಿರು. ನಾನು ನೋಡಲ್ಲ, ದೂರ ನೋಡ್ತೀನಿ."

ಅರವತ್ತಕ್ಕೆ ಬಂದಾಗ ಕಾರನ್ನು ರಸ್ತೆಯ ನಟ್ಟ ನಡುವಿಗೆ ತಂದು, ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಎಡಗೈ ನಡುಗುತ್ತಿತ್ತು. ಅವರು ಅದನ್ನು ಹಿಡಿದುಕೊಳ್ಳಲಿಲ್ಲ, ಅದರ ಪಾಡಿಗೆ ಬಿಟ್ಟಿದ್ದರು. ಸಣ್ಣ ದನಿಯಲ್ಲಿ ಎಣಿಸತೊಡಗಿದರು, ಗಡಿಯಾರದ ಮುಳ್ಳಿನ ಲಯದಲ್ಲಿ: ಒಂದು, ಎರಡು, ಮೂರು. ಬಿಳಿ ಗೀಟು ಕಾರಿನ ಮೂತಿಯ ನಡುವೆ ನುಗ್ಗಿ ಬಂದು ಮಾಯವಾಗುತ್ತಿತ್ತು. ಆರು, ಏಳು. ಗೀಟು ಅಲ್ಲೇ ಇತ್ತು. ಹತ್ತರ ಹೊತ್ತಿಗೆ ಅದು ಅಲ್ಲೇ ಇಲ್ಲವೇನೋ ಅನ್ನಿಸಿತು. ಹನ್ನೆರಡಕ್ಕೆ ಅವರು ಕೈ ಎತ್ತಿ ಸ್ಟೀರಿಂಗ್ ಹಿಡಿದು, ನಿಧಾನ ಮಾಡಿ, ರಸ್ತೆಯ ಬದಿಗೆ ತಂದು ನಿಲ್ಲಿಸಿದರು.

ನೇರ ಹೋಯಿತು ಅಕ್ಕ, ಎಂದು ಬಿಡಬಹುದಿತ್ತು. ಯಾರು ಬೇಕಾದರೂ ಅದನ್ನು ನೇರವೆಂದೇ ಕರೆಯುತ್ತಿದ್ದರು. ಅವರು ದೂರವನ್ನೇ ನೋಡುತ್ತಿದ್ದರು.

"ಹೇಳು."

"ಎಡಕ್ಕೆ," ಎಂದೆ. "ಒಂದು ಗೇಣಿರಬಹುದು. ಒಂದು ಗೇಣಿಗೆ ಸ್ವಲ್ಪ ಕಮ್ಮಿ."

ಅವರು ತಲೆಯಾಡಿಸಿದರು. ಕಿಟಕಿಯ ಗಾಜು ಇಳಿಸಿದರು. ಮಂಜಿನ ತಣ್ಣಗಿನ ವಾಸನೆ ಒಳಗೆ ಬಂತು.

"ನಂಗೂ ಅಷ್ಟೇ ಅನ್ನಿಸ್ತು," ಎಂದರು.